ಕೇಳಿ ಕಲಿತ ಪಾರ್ಟು

ದುರುಗೇಶನಿಗೆ ನಾಟಕದಲ್ಲಿ ಪಾರ್ಟು ಸಿಕ್ಕಿದ್ದು ಜಗಳದಿಂದ. ಹಿರಿಯೂರು ಬಸ್‌ಸ್ಟ್ಯಾಂಡಿನ ಮುಂದೆ ಅವನ ಗೂಡ್ಸ್ ಆಟೋಗೆ ಖಾಸಗಿ ಬಸ್ಸೊಂದು ಹಿಂದಿನಿಂದ ತಾಗಿಸಿತು. ಡ್ರೈವರು ಕೆಳಗಿಳಿಯುವ ಮರ್ಯಾದೆಯನ್ನೂ ತೋರಿಸದೆ ಕಿಟಕಿಯಿಂದಲೇ 'ಹೋಗೋ' ಅಂತ ಕೈ ಬೀಸಿದ. ದುರುಗೇಶ ಹೋಗಿ ಬಸ್ಸಿನ ಮೂತಿಗೆ ಎದೆ ಕೊಟ್ಟು ನಿಂತು ಬಾಯಿ ತೆರೆದ. ಅವತ್ತು ಅವನು ಆಡಿದ ಮಾತುಗಳು ಬರೆಯುವಂಥವಲ್ಲ. ಆದರೆ ಒಂದೊಂದು ಅಕ್ಷರವೂ ರಸ್ತೆಯಾಚೆಯ ಟೈಲರ್ ಅಂಗಡಿಯೊಳಕ್ಕೆ, ಹೊಲಿಗೆ ಮಿಷನ್ನಿನ ಸದ್ದನ್ನು ಸೀಳಿಕೊಂಡು ಹೋಗಿ ಬಿತ್ತು. ಟೈಲರ್ ಜುಂಜಯ್ಯ ಪೆಡಲಿನ ಮೇಲಿನ ಕಾಲು ನಿಲ್ಲಿಸಿ ಕಿವಿಗೊಟ್ಟ. ಈ ಜುಂಜಯ್ಯ ವಾರಕ್ಕೆ ಆರು ದಿನ ಟೈಲರು, ಭಾನುವಾರ ಊರಿನ ಕಲಾ ಸಂಘದ ಹಾರ್ಮೋನಿಯಂ ಮೇಷ್ಟ್ರು.

ಬಸ್ಸು ಹೋದ ಮೇಲೆ ಕೊರಳಲ್ಲಿ ಟೇಪು ಇಳಿಬಿಟ್ಟುಕೊಂಡೇ ಬಂದ.

"ಏನಪ್ಪಾ, ಇಂಥಾ ಗಂಟಲನ್ನ ತಗಂಡು ಬಸ್ಸಿನವ್ರ ಮೇಲೆ ಹಾಳು ಮಾಡ್ತೀಯಲ್ಲ. ನಾಟಕ ಮಾಡ್ತೀಯಾ?"

"ಯಾಕೆ, ಈಗ ನಾನು ಮಾಡಿದ್ದು ನಾಟಕ ಅಂದ್ಕಂಡ್ರಾ?"

"ಅಲ್ಲಪ್ಪಾ. ತಮ್ಮನ ಪಾರ್ಟು ಖಾಲಿ ಐತೆ. ಮೂಗಿನ ತುದೀಲಿ ಸಿಟ್ಟಿರೋ ತಮ್ಮ. ನೀನು ಸುಮ್ನೆ ಬಂದು ನಿಂತ್ರೂ ಅರ್ಧ ಕೆಲ್ಸ ಆತು."

ಇದಾಗಿ ಆರು ವರ್ಷ. ತಾಲೀಮು ನಡೆಯುತ್ತಿದ್ದ ಹಳೇ ಶೇಂಗಾ ಗೋಡೌನನ್ನು ಕೆಡವಿ ಅಲ್ಲೀಗ ಕಲ್ಯಾಣ ಮಂಟಪ ಕಟ್ಟಿದ್ದಾರೆ. ಮದುವೆಗೆ ಕುರ್ಚಿ, ಪಾತ್ರೆ ಇಳಿಸಲು ಹೋದಾಗಲೆಲ್ಲ ದುರುಗೇಶನ ಮೂಗು ತಾನಾಗಿಯೇ ಶೇಂಗಾ ಸಿಪ್ಪೆಯ ಆ ಒಣ ಘಮಲನ್ನು ಹುಡುಕುತ್ತದೆ. ಸಿಗುವುದು ಫಿನಾಯಿಲು. ಆಗ ಅವನಿಗೆ ಯಾರ ಮೇಲೋ ಸುಮ್ಮನೆ ಸಿಟ್ಟು ಬರುತ್ತದೆ. ಗೋಡೌನು ಯಾರಪ್ಪನ ಆಸ್ತಿಯೂ ಆಗಿರಲಿಲ್ಲ ನಿಜ, ಆದರೆ ಕೆಡವುವ ಮುನ್ನ ಒಂದು ಮಾತು ಕೇಳಬಾರದಿತ್ತೇ?

ಭಾನುವಾರ ಮಧ್ಯಾಹ್ನ ಎರಡಕ್ಕೆ ಅದರ ತಗಡಿನ ಬಾಗಿಲು ಕಿರುಗುಟ್ಟಿ ತೆರೆಯುತ್ತಿತ್ತು. ಶೀಟಿನ ಸೂರಿನ ತೂತುಗಳಿಂದ ಬಿಸಿಲು ಬೆಳ್ಳಿ ಬಿಲ್ಲೆಗಳ ಹಾಗೆ ನೆಲಕ್ಕೆ ಬೀಳುತ್ತಿತ್ತು. ಎಷ್ಟು ಗುಡಿಸಿದರೂ ಹೋಗದ ಶೇಂಗಾ ಸಿಪ್ಪೆ ಅಂಗಾಲಿಗೆ ಮೆತ್ತಿಕೊಂಡು ಮನೆವರೆಗೂ ಬರುತ್ತಿತ್ತು. ನಾಲ್ಕೂವರೆಗೆ ಮಂಡಕ್ಕಿ, ಮೆಣಸಿನಕಾಯಿ, ಟೀ. ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತಿತ್ತು.

ಸಂಘದಲ್ಲಿ ಪಾರ್ಟು ಹಂಚುವುದಕ್ಕೆ ಒಂದು ಪದ್ಧತಿಯಿತ್ತು. ಪೂರ್ತಿ ನಾಟಕದ ಪುಸ್ತಕ ಜುಂಜಯ್ಯನೊಬ್ಬನ ಹತ್ತಿರ. ಉಳಿದವರಿಗೆ ಅವರವರ ಮಾತಷ್ಟನ್ನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಮೇಲೆ ಎಲೆ ಅಡಿಕೆ ಇಟ್ಟು ಕೊಡುವುದು. ಎದುರಿನವನು ಏನು ಹೇಳುತ್ತಾನೆ ಅನ್ನುವುದು ಅದರಲ್ಲಿರುತ್ತಿರಲಿಲ್ಲ. ಅವನ ಮಾತಿನ ಕೊನೆಯ ಎರಡು ಪದ ಮಾತ್ರ ಇರುತ್ತಿತ್ತು. ಆ ಎರಡು ಪದ ಕಿವಿಗೆ ಬಿದ್ದರೆ ನಿನ್ನ ಸರದಿ. ಎಲೆ ಅಡಿಕೆ ಹಿಡಿದ ಮೇಲೆ ಪಾರ್ಟು ಬಿಡುವಂತಿಲ್ಲ. ಇನ್ನೊಬ್ಬರ ಪಾರ್ಟನ್ನು ಬಾಯಲ್ಲಿ ಆಡುವಂತೆಯೂ ಇಲ್ಲ.

"ಇನ್ನೊಬ್ನ ಮಾತು ಆಡೋದೂ ಒಂದೇ, ಉಣ್ಣೋನ ತಟ್ಟೆಗೆ ಕೈ ಹಾಕೋದೂ ಒಂದೇ," ಅಂತ ಮೊದಲ ದಿನವೇ ಹೇಳಿದವರು ಮರುಳಸಿದ್ದಪ್ಪ. ಅರವತ್ತು ದಾಟಿದ ತೆಂಗಿನ ತೋಟದ ರೈತರು. ಟಿವಿಎಸ್ ಗಾಡಿಯಲ್ಲಿ ಬಿಳಿ ಪಂಚೆ ಮಡಚಿ ಕೂತು ಬರುತ್ತಿದ್ದರು. ಇಪ್ಪತ್ತು ವರ್ಷದಿಂದ, ಅಣ್ಣ ತಮ್ಮ ಮನೆ ಪಾಲು ಮಾಡಿಕೊಳ್ಳುವ ಈ ನಾಟಕದಲ್ಲಿ ಅಣ್ಣನ ಪಾರ್ಟು ಅವರದೇ. ಒಮ್ಮೆ ಅವರು ಜ್ವರ ಬಂದು ಮಲಗಿದ್ದಾಗ ಜೊತೆಯವನೊಬ್ಬ ಕದ್ದು ಕಲಿತಿಟ್ಟುಕೊಂಡ ಅವರ ಪಾರ್ಟನ್ನು ಆಡಿ ಶಾಲು ಹೊದಿಸಿಕೊಂಡು ಬಂದಿದ್ದನಂತೆ. ಆ ಕಿಚ್ಚು ಇನ್ನೂ ಆರಿರಲಿಲ್ಲ. ಅವರಿಗೆ ಇನ್ನೊಂದು ಹಟವಿತ್ತು. ಪರದೆಯ ಮರೆಯಿಂದ ಯಾರೂ ಅವರಿಗೆ ಮಾತು ನೆನಪಿಸಬಾರದು. "ಒಂದೇ ಒಂದು ಮಾತು ನಂಗೆ ಸೈಡಿಂದ ಹೇಳ್ಕೊಟ್ರೆ ಅವತ್ತಿಗೆ ಬಣ್ಣ ಬಿಟ್ಟೆ ಅಂತ ತಿಳ್ಕಳ್ರಿ," ಅನ್ನುತ್ತಿದ್ದರು. ಹೇಳಿದಂತೆ ಮಾಡುವ ಮನುಷ್ಯ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ದುರುಗೇಶ ಎಲೆ ಅಡಿಕೆ ಹಿಡಿದ, ನೋಟ್‌ಬುಕ್ಕನ್ನೂ ಹಿಡಿದ. ಅದರಲ್ಲಿದ್ದ ಒಂದು ಸಾಲೂ ಅವನಿಗೆ ಓದಲು ಬರುತ್ತಿರಲಿಲ್ಲ.

ಬಸ್ಸಿನ ಬೋರ್ಡು, ಸಿಮೆಂಟ್ ಚೀಲದ ಹೆಸರು, ನಂಬರು ಇವೆಲ್ಲ ಗುರುತು ಹಿಡಿಯುತ್ತಿದ್ದ. ಕೈಬರಹ ಕಂಡರೆ ಮಾತ್ರ ಅಕ್ಷರಗಳು ಕುರಿ ಚೆದುರಿದ ಹಾಗೆ ಚೆದುರುತ್ತಿದ್ದವು. ಐದನೇ ಕ್ಲಾಸಿನಲ್ಲಿ ಓದು ಅಂತ ಎಬ್ಬಿಸಿ ನಿಲ್ಲಿಸಿದಾಗ ತೊದಲಿದ್ದಕ್ಕೆ ಮೇಷ್ಟ್ರು ಅವನ ಕೈಗೆ ಕೋಲು ಕೊಟ್ಟು, "ಹೋಗು, ನಿಮ್ಮಪ್ಪನ ಕುರಿಗೆ ಪಾಠ ಹೇಳು," ಅಂದಿದ್ದರು. ಇಡೀ ಕ್ಲಾಸು ನಕ್ಕಿತ್ತು. ಅವನು ಕೋಲು ಹಿಡಿದುಕೊಂಡೇ ಎದ್ದು ಹೋದ, ಮತ್ತೆ ಆ ಕಡೆ ತಿರುಗಲಿಲ್ಲ. ದೊಡ್ಡವನಾದ ಮೇಲೆ ತನ್ನನ್ನು ಹೆಬ್ಬೆಟ್ಟು ಅಂದ ಒಬ್ಬನ ಹಲ್ಲು ಉದುರಿಸಿದ್ದ. ಈಗ ಈ ಐದು ಜನರ ಮುಂದೆ 'ಓದಾಕೆ ಬರಲ್ಲ' ಅಂತ ಬಾಯಿ ಬಿಡುವುದೇ? ಅದರ ಬದಲು ಮಾರಿಕಣಿವೆ ಡ್ಯಾಮಿಗೆ ಹಾರುವುದು ವಾಸಿ ಅನ್ನಿಸಿತ್ತು ಅವನಿಗೆ.

ಉಪಾಯವೂ ಹೊಳೆಯಿತು. ಮೊದಲ ಭಾನುವಾರ ಜುಂಜಯ್ಯ ಪುಸ್ತಕ ತೆಗೆದು ಎಲ್ಲರ ಮಾತನ್ನೂ ಒಮ್ಮೆ ಗಟ್ಟಿಯಾಗಿ ಓದಿದ. ದುರುಗೇಶ ಅಂಗಿಯ ಜೇಬಿನಲ್ಲಿ ಫೋನಿನ ರೆಕಾರ್ಡಿಂಗ್ ಹಾಕಿಟ್ಟ. ಮುಂದಿನ ಪ್ರತಿ ಭಾನುವಾರವೂ ಹಾಗೇ ಮಾಡಿದ. ವಾರವೆಲ್ಲ ಹೊಸದುರ್ಗಕ್ಕೆ, ಹೊಳಲ್ಕೆರೆಗೆ, ಚಿತ್ರದುರ್ಗಕ್ಕೆ ಲೋಡು ಹೊಡೆಯುವಾಗ ಅದನ್ನೇ ಕೇಳಿದ. ಮೂರು ವಾರಕ್ಕೆ ಅವನ ಪಾರ್ಟು ಬಾಯಿಗೆ ಬಂತು. ಅದರ ಜೊತೆಗೆ ಉಳಿದ ನಾಲ್ವರ ಪಾರ್ಟೂ ಬಂತು! ಕಿವಿಗೆ ಬೇಲಿ ಹಾಕಲಾಗುತ್ತದೆಯೇ?

ತೊಂದರೆ ಶುರುವಾದದ್ದೇ ಅಲ್ಲಿ. ಎದುರಿನವರು ಮಾತಾಡುವಾಗ ಇವನ ತುಟಿ ತಾನಾಗಿಯೇ ಅಲ್ಲಾಡುತ್ತಿತ್ತು. ಮೊದಲು ನೋಡಿದ್ದು ಮಲ್ಲೇಶ. ಪಂಚರ್ ಅಂಗಡಿಯವನು, ನಾಟಕದಲ್ಲಿ ನಗಿಸುವ ಶಾನುಭೋಗ.

"ಲೇ ದುರುಗಾ, ನಾನು ಮಾತಾಡುವಾಗ ಎಲೆ ಅಡಿಕೆ ಮೆಲ್ತೀಯೋ, ಇಲ್ಲ ನನ್ನ ಅಣಕಿಸ್ತೀಯೋ?"

"ಎರಡೂ ಇಲ್ಲ. ನಿನ್ನ ಮುಖ ನೋಡಿದ್ರೆ ಬಾಯಿ ತಾನೇ ಸೊಟ್ಟಾಗುತ್ತೆ."

ಎಲ್ಲರೂ ನಕ್ಕರು. ಮರುಳಸಿದ್ದಪ್ಪ ನಗಲಿಲ್ಲ. ತಮ್ಮ ಸರದಿ ಬಂದಾಗ ಇವನ ತುಟಿಯನ್ನೇ ದಿಟ್ಟಿಸಿದರು. ಅದು ಅಲ್ಲಾಡಿತು.

ಐದನೆಯ ಭಾನುವಾರ ಎಲ್ಲ ಬಯಲಾಯಿತು. ಹಿಂದಿನ ವಾರ ಮಲ್ಲೇಶನ ಬ್ಲೂಟೂತ್ ಡಬ್ಬದಲ್ಲಿ ಯಾವುದೋ ಹಾಡು ಹಾಕಲು ದುರುಗೇಶ ತನ್ನ ಫೋನನ್ನು ಕೂಡಿಸಿದ್ದ, ಬಿಡಿಸುವುದನ್ನು ಮರೆತಿದ್ದ. ಟೀ ಹೊತ್ತಿಗೆ ರೆಕಾರ್ಡಿಂಗ್ ನಿಲ್ಲಿಸಲೆಂದು ಜೇಬಿಗೆ ಕೈ ಹಾಕಿ ಎಲ್ಲೋ ಒತ್ತಿದ. ಮೂಲೆಯಲ್ಲಿದ್ದ ಡಬ್ಬ ಗೋಡೌನು ಅದುರುವ ಹಾಗೆ ಮರುಳಸಿದ್ದಪ್ಪನ ಧ್ವನಿಯಲ್ಲಿ ಗುಡುಗಿತು: "ತಮ್ಮಾ, ಈ ಪಡಸಾಲೆ ನಿನಗಿರಲಿ, ಅಡುಗೆ ಮನೆ ನನಗಿರಲಿ..."

ಮರುಳಸಿದ್ದಪ್ಪನ ಕೈಯಲ್ಲಿ ಟೀ ಲೋಟ, ಬಾಯಲ್ಲಿ ಮಂಡಕ್ಕಿ. ಅವರ ಧ್ವನಿ ಮಾತ್ರ ಮೂಲೆಯಲ್ಲಿ ಮನೆ ಪಾಲು ಮಾಡುತ್ತಿತ್ತು. ಒಂದು ಕ್ಷಣ ಯಾರಿಗೂ ಏನಾಗುತ್ತಿದೆ ತಿಳಿಯಲಿಲ್ಲ. ಮಲ್ಲೇಶ ಓಡಿ ಹೋಗಿ ಡಬ್ಬದ ಕತ್ತು ಹಿಸುಕಿದ.

"ನನ್ನ ತಟ್ಟೆಗೇ ಕೈ ಹಾಕಿದೇನಲೇ?" ಮರುಳಸಿದ್ದಪ್ಪ ಎದ್ದು ನಿಂತರು. "ಉಂಡ ಮನೆ ಜಂತೆ ಎಣಿಸ್ತೀಯಾ?"

"ನಿಮ್ಮ ಪಾರ್ಟು ಯಾವನಿಗೆ ಬೇಕು!"

"ಬ್ಯಾಡಾದ್ರೆ ಯಾಕೆ ತುಂಬ್ಕಂಡಿದ್ದೀಯ ಅದರೊಳಗೆ?"

ಉತ್ತರ ನಾಲಗೆಯ ತುದಿಯಲ್ಲಿತ್ತು, ಮೂರೇ ಪದ. ದುರುಗೇಶನಿಗೆ ಆಡಲಾಗಲಿಲ್ಲ. ಬಂದದ್ದು ಬೈಗುಳ. ನಾಲ್ಕು ಮಾತು ಬೈದು, ಟೀ ಲೋಟ ಒದ್ದು ಹೊರಟ. ಬಾಗಿಲಲ್ಲಿ ಜುಂಜಯ್ಯ ತಡೆದು ತಣ್ಣಗೆ ಅಂದ:

"ಎಲೆ ಅಡಿಕೆ ಹಿಡಿದೋನು ನೀನು. ಮುಂದಿನ ಭಾನುವಾರ ಬಂದು ಎಲ್ಲರ ಮುಂದೆ ಯಾಕೆ ಅಂತ ಹೇಳು. ಹೇಳಾಕೆ ಆಗದಿದ್ರೆ ನೋಟ್‌ಬುಕ್ಕು ಹಾರ್ಮೋನಿಯಂ ಪೆಟ್ಟಿಗೆ ಮೇಲಿಟ್ಟು ಹೋಗು."

ಆ ವಾರ ದುರುಗೇಶ ಹಲ್ಲು ಕಚ್ಚಿಕೊಂಡೇ ಗಾಡಿ ಓಡಿಸಿದ. ಹೋದರೆ ಹೋಯಿತು, ನಾಟಕ ಮಾಡಿ ಯಾರು ಉದ್ಧಾರವಾಗಿದ್ದಾರೆ ಅಂತ ಅಂದುಕೊಂಡ. ಆದರೆ ಮಂಗಳವಾರ ಹೊಸದುರ್ಗದ ದಾರಿಯಲ್ಲಿ ಕೈ ತಾನಾಗಿಯೇ ಫೋನು ಒತ್ತಿತು. ಆ ಐದು ಭಾನುವಾರಗಳು ಅವನಿಗೆ ಎಷ್ಟು ಹತ್ತಿಕೊಂಡಿದ್ದವೆಂದರೆ, ಫೋನಿನಲ್ಲಿ ಜುಂಜಯ್ಯನ ಕೆಮ್ಮು ಬಂದರೂ ಹಿಂದಕ್ಕೆ ಎಳೆದು ಇನ್ನೊಮ್ಮೆ ಕೇಳಿದ. ಬಸ್ಸಿನವರನ್ನು ಬೈಯಲಷ್ಟೇ ಇದೆ ಅಂದುಕೊಂಡಿದ್ದ ಗಂಟಲಿಗೆ ಯಾರೋ ಮೊದಲ ಸಲ ಒಂದು ಕೆಲಸ ಕೊಟ್ಟಿದ್ದರು. ಅದು ಹೋಗುತ್ತಿತ್ತು.

ಐದೂ ವಾರದ್ದನ್ನು ಒಂದರ ಹಿಂದೆ ಒಂದರಂತೆ ಕೇಳುವಾಗ ಅವನಿಗೊಂದು ಗೊತ್ತಾಯಿತು. ಮನೆ ಪಾಲು ಮಾಡುವ ಆ ಉದ್ದದ ಮಾತಿನಲ್ಲಿ 'ಅಡುಗೆ ಮನೆ ನನಗಿರಲಿ' ಆದ ಮೇಲೆ ತೊಟ್ಟಿಲಿನ ಮಾತು ಬರಬೇಕು. ಮೊದಲ ತಾಲೀಮಿನಲ್ಲಿ ಮರುಳಸಿದ್ದಪ್ಪ ಅಲ್ಲಿ ಒಂದು ಉಸಿರು ತೆಗೆದುಕೊಂಡಿದ್ದರು. ಮುಂದಿನ ವಾರ ಎರಡು ಉಸಿರು. ಆಮೇಲೆ ತೊಟ್ಟಿಲು ಬಿಟ್ಟು ನೇರ ಎತ್ತಿಗೆ ಹಾರಿದ್ದರು. ಕಡೆಯ ವಾರ ತೊಟ್ಟಿಲೂ ಇಲ್ಲ, ಎತ್ತೂ ಇಲ್ಲ. ಯಾರೂ ಗಮನಿಸಿರಲಿಲ್ಲ. ಉಳಿದವರ ನೋಟ್‌ಬುಕ್ಕಿನಲ್ಲಿದ್ದುದು ಮಾತಿನ ಕೊನೆಯ ಎರಡು ಪದ, ಅವೆರಡನ್ನು ಮುದುಕರು ಸರಿಯಾಗಿಯೇ ಹೇಳಿ ಮುಗಿಸುತ್ತಿದ್ದರು. ಜುಂಜಯ್ಯನ ಕಣ್ಣು ಹಾರ್ಮೋನಿಯಂ ಮನೆಗಳ ಮೇಲೆ. ಇಡೀ ಸಂಘದಲ್ಲಿ ಇದು ಗೊತ್ತಿದ್ದವನು ದುರುಗೇಶ ಒಬ್ಬನೇ.

ದುರುಗೇಶ ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ನಕ್ಕ. ಸಿಕ್ಕಿಬಿದ್ದರಲ್ಲ ಯಜಮಾನರು! ಭಾನುವಾರ ಡಬ್ಬಕ್ಕೆ ಹಾಕಿ ಐದೂ ವಾರದ್ದನ್ನು ಎಲ್ಲರಿಗೂ ಕೇಳಿಸಿ, 'ನೋಡ್ರಿ, ನಿಮ್ಮ ಪಾರ್ಟು ನಿಮಗೇ ಬರಲ್ಲ, ನಾನ್ಯಾಕೆ ಕದೀಲಿ?' ಅಂದರೆ ಮುಗಿಯಿತು. ಓದಲು ಬಾರದ ಸುದ್ದಿ ಎತ್ತಬೇಕಾಗಿಯೇ ಇಲ್ಲ. ಆ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲಿ ಮಸೆಯುತ್ತಾ ಹೋದ.

ಭಾನುವಾರ ಹೋದಾಗ ಚಿತ್ರದುರ್ಗದಿಂದ ರಂಗಕ್ಕ ಬಂದಿದ್ದಳು. ಐವತ್ತು ದಾಟಿದ ಕಲಾವಿದೆ, ಅತ್ತಿಗೆಯ ಪಾರ್ಟು. ಅವಳು ಬರುವ ಭಾನುವಾರ ಪಾಲಿನ ದೃಶ್ಯವನ್ನೇ ಮೊದಲು ಮಾಡುವುದು ವಾಡಿಕೆ, ಅವಳಿಗೆ ವಾಪಸು ಬಸ್ಸು ಹಿಡಿಯಬೇಕು. "ನಿಮ್ಮ ಪಂಚಾಯ್ತಿ ಆಮ್ಯಾಕಿರಲಿ, ಮೊದ್ಲು ಸೀನ್ ಮುಗಿಸ್ರಪ್ಪಾ," ಅಂದಳು.

ದುರುಗೇಶ ನೋಟ್‌ಬುಕ್ಕನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ನಿಂತ. ಮರುಳಸಿದ್ದಪ್ಪ ಅವನ ಮುಖ ನೋಡದೆ ಶುರು ಮಾಡಿದರು.

"ತಮ್ಮಾ, ಈ ಪಡಸಾಲೆ ನಿನಗಿರಲಿ, ಅಡುಗೆ ಮನೆ ನನಗಿರಲಿ..."

ನಿಂತರು. ಒಂದು ಉಸಿರು. ಎರಡು. ಕೈ ಗಾಳಿಯಲ್ಲೇ ಉಳಿಯಿತು. ಹಾರಿಕೊಳ್ಳಲು ಎತ್ತೂ ಸಿಗಲಿಲ್ಲ. ಜನಜಂಗುಳಿಯಲ್ಲಿ ಕೈ ಬಿಟ್ಟುಹೋದ ಮಗುವಿನ ಕಣ್ಣು ಹೇಗೆ ಹುಡುಕುತ್ತದೆಯೋ ಹಾಗೆ ಅವರ ಕಣ್ಣು ಆಚೀಚೆ ಓಡಾಡಿದವು. ದುರುಗೇಶ ಆ ಕಣ್ಣನ್ನು ಗುರುತು ಹಿಡಿದ. ಐದನೇ ಕ್ಲಾಸಿನಲ್ಲಿ ಪುಸ್ತಕ ಹಿಡಿದು ನಿಂತಿದ್ದಾಗ ಅವನವೂ ಹೀಗೇ ಓಡಾಡಿದ್ದವು. ವಾರವೆಲ್ಲ ಮಸೆದಿಟ್ಟ ಮಾತು ಗಂಟಲಲ್ಲೇ ಮೊಂಡಾಯಿತು.

ಹಾರ್ಮೋನಿಯಂ ನಿಂತಿತು. ಜುಂಜಯ್ಯನ ಕೈ ಮೆಲ್ಲಗೆ ಪುಸ್ತಕದ ಕಡೆ ಹೋಯಿತು. ಇನ್ನೊಂದು ಕ್ಷಣಕ್ಕೆ ಅವನು ಮಾತು ನೆನಪಿಸುತ್ತಿದ್ದ, ಮರುಳಸಿದ್ದಪ್ಪ ಬಣ್ಣ ಬಿಡುತ್ತಿದ್ದರು.

ದುರುಗೇಶ ಮುಂದೆ ಬಂದು ಅಣ್ಣನ ಕೈ ಹಿಡಿದುಕೊಂಡ.

"ಅಣ್ಣಯ್ಯಾ, ಎಲ್ಲಾ ಪಾಲು ಮಾಡಿದೆ. ನಾವಿಬ್ಬರೂ ಮಲಗಿದ ತೊಟ್ಟಿಲು? ಅದು ಯಾರ ಪಾಲಿಗೆ?"

ಮರುಳಸಿದ್ದಪ್ಪ ಅವನ ಮುಖ ನೋಡಿದರು. ಕಣ್ಣು ನಿಂತವು.

"ಅದನ್ನ... ಅದನ್ನು ಯಾವ ಗರಗಸದಿಂದ ಕೊಯ್ಯಲಿ, ತಮ್ಮಾ?"

ಅಲ್ಲಿಂದ ಮಾತು ಹರಿಯಿತು, ಎತ್ತು ಬಂತು, ಬಾವಿ ಬಂತು, ಕೊನೆಗೆ ಕೆರೆ ಹಿಂದಿನ ಹೊಲವೂ ಬಂತು. ರಂಗಕ್ಕ ಸೆರಗು ಬಾಯಿಗಿಟ್ಟುಕೊಂಡಳು, ಅದು ಪಾರ್ಟಿನಲ್ಲಿರಲಿಲ್ಲ. ಜುಂಜಯ್ಯ ಪುಸ್ತಕದ ಮೇಲೆ ಬೆರಳು ಓಡಿಸಿದ, ಹೀಗೊಂದು ಪ್ರಶ್ನೆ ಎಲ್ಲೂ ಇಲ್ಲವಲ್ಲ ಅಂತ ತಲೆ ಎತ್ತಿದ. ಇಬ್ಬರನ್ನೂ ನೋಡಿ ಪೆಟ್ಟಿಗೆಯ ತಿದಿ ಒತ್ತಿದ.

ಸೀನು ಮುಗಿದ ಮೇಲೂ ಮಲ್ಲೇಶ ಬಿಡಲಿಲ್ಲ. "ಅದೆಲ್ಲಾ ಸರಿ. ಆ ಫೋನಿನ ಕತೆ ಏನಾತು?"

ಮರುಳಸಿದ್ದಪ್ಪ ಪಂಚೆಯ ಅಂಚು ಹಿಡಿದು ನೆಲ ನೋಡುತ್ತಿದ್ದರು. ತಮ್ಮ ಧ್ವನಿಯ ಜೊತೆ ಆ ಫೋನಿನೊಳಗೆ ಇನ್ನೇನು ಸಿಕ್ಕಿಕೊಂಡಿದೆ ಅನ್ನುವುದು ಅವರಿಗೆ ಈಗ ಹೊಳೆದಿತ್ತು. ಯಾರಾದರೂ ನಕ್ಕರೆ ಹೊಡೆದೇಬಿಡಬೇಕು ಅಂತ ದುರುಗೇಶ ಮುಷ್ಟಿ ಬಿಗಿ ಹಿಡಿದೇ ಹೇಳಿದ:

"ನಂಗೆ ಓದಾಕೆ ಬರಲ್ಲ. ಕೇಳಿ ಕಲೀತೀನಿ. ಅದಕ್ಕೇ ತುಂಬ್ಕಂಡಿದ್ದು. ಬೇರೆ ಏನೂ ಇಲ್ಲ ಅದರಾಗೆ."

ಯಾರೂ ನಗಲಿಲ್ಲ. ಬಿಗಿ ಹಿಡಿದ ಮುಷ್ಟಿಯನ್ನು ಏನು ಮಾಡಬೇಕೋ ಅವನಿಗೆ ತಿಳಿಯಲಿಲ್ಲ.

"ಅಷ್ಟೇನಾ?" ಅಂದಳು ರಂಗಕ್ಕ. "ಕೊಲೆ ಮಾಡಿದೋನ ಥರಾ ನಿಂತೀಯಲ್ಲೋ! ನಂಗೆ ಮಾತ್ರ ಎಲ್ಲಿ ಬರುತ್ತೆ? ಮೂವತ್ತು ವರ್ಷ ಆತು, ನನ್ನ ಮಗಳು ಓದ್ತಾಳೆ, ನಾನು ಕೇಳ್ತೀನಿ. ನಿನಗೆ ಮಗಳಿಲ್ಲ, ಫೋನೈತೆ."

"ಥೂ ನಿನ್ನ," ಅಂದ ಮಲ್ಲೇಶ. "ಮೊದ್ಲೇ ಬೊಗಳಬಾರದೇನಲೇ? ನಾನು ಸ್ಟೇಷನ್ನಿಗೆ ಹೋಗಾಣ ಅಂದಿದ್ದೆ. ಅಂದಂಗೆ ನನ್ನ ಪಾರ್ಟೂ ಬರುತ್ತಾ ನಿಂಗೆ?"

"ನಿನಗಿಂತ ಚೆನ್ನಾಗಿ ಬರುತ್ತೆ."

"ಬರಲಿ ಬಿಡು. ನಂಗೆ ಭೇದಿ ಹತ್ತಿದ ದಿನ ನೀನೇ ಮಾಡು."

ಆಗ ಎಲ್ಲರೂ ನಕ್ಕರು. ಇಬ್ಬರನ್ನು ಬಿಟ್ಟು.

ಮರುದಿನ ಬೆಳಿಗ್ಗೆ ಹೊಸದುರ್ಗಕ್ಕೆ ಸಿಮೆಂಟು ತುಂಬಿಕೊಂಡು ನಿಂತಿದ್ದಾಗ ಮರುಳಸಿದ್ದಪ್ಪ ಟಿವಿಎಸ್ಸನ್ನು ಟೈಲರ್ ಅಂಗಡಿ ಮುಂದೆ ನಿಲ್ಲಿಸಿ, ಹೇಳದೆ ಕೇಳದೆ ಆಟೋ ಹತ್ತಿ ಪಕ್ಕದಲ್ಲಿ ಕೂತರು.

"ಎಷ್ಟು ಸಲ?" ಅಂದರು ಊರು ದಾಟಿದ ಮೇಲೆ. "ನಿಜ ಹೇಳು."

"ಐದು ವಾರದಾಗೆ ಮೂರು. ನಿನ್ನೇದೂ ಸೇರಿದ್ರೆ ನಾಕು."

"ಅಲ್ಲೇನಾ?"

"ಅಲ್ಲೇ. ತೊಟ್ಟಿಲ ಹತ್ರ."

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನಾಟಕದಾಗೆ ಮಾತ್ರ ಅಲ್ಲಪ್ಪಾ. ಮೊನ್ನೆ ಮೊಮ್ಮಗಳು ಎದುರಿಗೆ ನಿಂತಾಳೆ, ಹೆಸರು ಬರವಲ್ದು. ಏ ಕೂಸೇ ಅಂತ ಕರೆದು ಪಾರಾದೆ. ಸ್ಟೇಜಿನ ಮ್ಯಾಲೆ ಹಂಗೆ ಪಾರಾಗಾಕೆ ಆಗಲ್ಲ." ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, "ನೀನು ಯಾಕೆ ಹೇಳಲಿಲ್ಲ ನಿನ್ನೆ?" ಅಂತ ಕೇಳಿದರು.

"ನನ್ನ ಮಾತಲ್ಲ ಅದು," ಅಂದ ದುರುಗೇಶ.

ಮುದುಕರು ಅವನ ಸೊಂಟಕ್ಕೆ ಕೈ ಹಾಕಿ ಆ ನೋಟ್‌ಬುಕ್ಕು ಎಳೆದು ತೆಗೆದರು, ಕನ್ನಡಕ ಹಾಕಿಕೊಂಡರು, ಜೋರಾಗಿ ಓದತೊಡಗಿದರು.

ಆ ಎರಡು ತಿಂಗಳು! ಈಗಲೂ ಆ ರಸ್ತೆಯಲ್ಲಿ ಹೋಗುವಾಗ ದುರುಗೇಶನಿಗೆ ಪಕ್ಕದ ಸೀಟು ಯಾರೋ ಕೂತ ಹಾಗೆ ಭಾರ ಅನ್ನಿಸುತ್ತದೆ. ವಾರಕ್ಕೆರಡು ದಿನ ಮುದುಕರು ಬರುತ್ತಿದ್ದರು. ಅವರು ತಮ್ಮನ ಮಾತು ಓದಿದರೆ ಇವನು ಅಣ್ಣನ ಮಾತನ್ನು ನೆನಪಿಗೆ ತರುವಂಥ ಪ್ರಶ್ನೆ ಹೊಸೆಯುತ್ತಿದ್ದ. ಅಣ್ಣನ ಮಾತನ್ನು ಮಾತ್ರ ಬಾಯಲ್ಲಿ ಆಡುತ್ತಿರಲಿಲ್ಲ. ಮಾರಿಕಣಿವೆ ಹತ್ತಿರ ಬಿಸಿ ಬಿಸಿ ಕರಿದ ಮೀನಿನ ವಾಸನೆ ಬಂದಾಗ ಗಾಡಿ ತಾನಾಗಿ ನಿಧಾನವಾಗುತ್ತಿತ್ತು. ಲಿಂಗ ಕಟ್ಟಿದ ಮುದುಕರು ಮೂಗಿಗೆ ಟವೆಲ್ಲು ಹಿಡಿದು ಅತ್ತ ತಿರುಗಿ ಕೂರುತ್ತಿದ್ದರು. "ತಿಂದು ಬಾ ಹೋಗು. ಬಾಯಿ ಮೂರು ಸಲ ತೊಳ್ಕ, ಇಲ್ಲಾಂದ್ರೆ ಮುಂದಿನ ಪುಟ ಓದಲ್ಲ ನೋಡು." ಇವನು ತಿಂದು ಬಂದಾಗ ಅವರು ಬಾಳೆಹಣ್ಣು ಸುಲಿದಿಟ್ಟುಕೊಂಡು ಕಾಯುತ್ತಿದ್ದರು, ಒಂದು ಅವರಿಗೆ, ಒಂದು ಇವನಿಗೆ. ಜಗಳವೂ ಆಡಿದರು. "ಅಷ್ಟು ಬೇಗ ಕೇಳಬ್ಯಾಡಲೇ, ನಂಗೆ ನೆನಪಿರುತ್ತೆ ಕೆಲವು ಸಲ!" ಅಂತ ಒಮ್ಮೆ ರೇಗಿ ನಡುದಾರಿಯಲ್ಲೇ ಇಳಿದು ಒಂದು ಫರ್ಲಾಂಗು ನಡೆದಿದ್ದರು, ಇವನು ಹಿಂದೆಯೇ ಫಸ್ಟ್ ಗೇರಿನಲ್ಲಿ ಬಂದಿದ್ದ.

ಹೊಸದುರ್ಗದಲ್ಲಿ ಮೊದಲ ಪ್ರಯೋಗವಾಯಿತು. ಅಣ್ಣ ಹೇಳುವುದು, ತಮ್ಮ ಕೈ ಹಿಡಿದು ಕೇಳುವುದು, ಅಣ್ಣ ತಡೆದು ತಡೆದು ಉತ್ತರಿಸುವುದು. ಜನ ಉಸಿರು ಬಿಗಿಹಿಡಿದರು. "ಒಡಹುಟ್ಟಿದವರೇ ಅನ್ನಂಗೆ ಮಾತಾಡ್ತಾರಲ್ರೀ," ಅಂದರು. ಸಿರಿಗೆರೆ ಕಡೆಯಿಂದ ಕರೆ ಬಂತು, ತುರುವನೂರಿನಿಂದ ಬಂತು. ಜುಂಜಯ್ಯ ಯಾರಿಗೂ ಏನೂ ಹೇಳದೆ ಆ ಪ್ರಶ್ನೆಗಳನ್ನೆಲ್ಲ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಂಡ. ವರ್ಷ ಕಳೆದಂತೆ ಅಂಚಿನಲ್ಲಿ ಜಾಗ ಸಾಲದೆ ಬಂತು.

ಹೊಳಲ್ಕೆರೆಯ ಪ್ರಯೋಗ ಕಡೆಯದು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಬಣ್ಣ ಹಚ್ಚಿಕೊಳ್ಳುವಾಗಲೇ ಮರುಳಸಿದ್ದಪ್ಪ ಎರಡು ಸಲ "ಇದು ಯಾವೂರು?" ಅಂತ ಕೇಳಿದ್ದರು. ಪಾಲಿನ ದೃಶ್ಯ ಬಂದಾಗ 'ತಮ್ಮಾ' ಅಂದು ನಿಂತುಬಿಟ್ಟರು. ಮುಂದಿನ ಒಂದು ಮಾತೂ ಬರಲಿಲ್ಲ. ಆದರೆ ಕಣ್ಣು ಆಚೀಚೆ ಓಡಲಿಲ್ಲ, ಪರದೆಯ ಕಡೆ ತಿರುಗಲಿಲ್ಲ. ದುರುಗೇಶನ ಮುಖದ ಮೇಲೆ ನೆಟ್ಟು, ನೀನು ಕೇಳು, ನಾನಿದ್ದೀನಿ ಅನ್ನುವ ಹಾಗೆ ಕಾದವು.

ದುರುಗೇಶ ಕೇಳಿದ. ಪಡಸಾಲೆ ಯಾರಿಗೆ ಅಣ್ಣಯ್ಯಾ? ಅಡುಗೆ ಮನೆ? ತೊಟ್ಟಿಲು? ಎತ್ತು? ಬಾವಿ? ಒಂದೊಂದಕ್ಕೂ ಮರುಳಸಿದ್ದಪ್ಪ ಇಡೀ ಮನೆ ತಮ್ಮದೇ ಅನ್ನುವಂತೆ ಯೋಚಿಸಿ, ಎದೆಯಿಂದ ಉತ್ತರ ತೆಗೆದು ಕೊಟ್ಟರು. ಕೆಲವು ಪುಸ್ತಕದಲ್ಲಿದ್ದವು, ಕೆಲವು ಎಲ್ಲೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಇಬ್ಬರು ಗಂಡಸರು ಒಬ್ಬರ ಮುಖ ಒಬ್ಬರು ನೋಡಲಾಗದೆ ತಲೆ ತಗ್ಗಿಸಿದರು.

ಪರದೆ ಬಿದ್ದ ಮೇಲೆ ಅವರು ಬೆವರಿದ ಕೈಯಿಂದ ಇವನ ತೋಳು ಹಿಡಿದು ಸಾಮಾನಿನ ಟ್ರಂಕಿನ ಮೇಲೆ ಕೂತರು.

"ಎಲ್ಲಾ ಹೇಳಿದ್ನೇನೋ?"

"ಎಲ್ಲಾ ಹೇಳಿದ್ರಿ, ಅಣ್ಣಯ್ಯಾ. ಒಂದೂ ಬಿಟ್ಟಿಲ್ಲ."

ಮರುಳಸಿದ್ದಪ್ಪ ಸಮಾಧಾನದಿಂದ ಕಣ್ಣು ಮುಚ್ಚಿದರು. ಕೆರೆ ಹಿಂದಿನ ಹೊಲವೊಂದನ್ನು ಮಾತ್ರ ದುರುಗೇಶ ಕೇಳಿಯೇ ಇರಲಿಲ್ಲ. ಅದು ಯಾರ ಪಾಲಿಗೂ ಹೋಗದೆ ಇಬ್ಬರಿಗೂ ಸೇರಿ ಉಳಿದಿತ್ತು.